ಬೆಡ್‌ಶೀಟಿನ ಆಚೆ ತುದಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಇನ್ನೊಬ್ಬರ ಮುಂದೆ ಹಲ್ಲು ಗಿಂಜುವುದೆಂದರೆ ನನಗಾಗದು. ಕೆಲಸಕ್ಕೆ ಸೇರಿದ ದಿನವೇ ಅಲ್ಲಿನ ಹಿರಿಯಳು ದೊಡ್ಡಕ್ಕ ಬೈದಿದ್ದಳು: "ಬಾಯಿಬಿಟ್ಟು ಕೇಳೇ, ನಿನ್ನ ಗಂಟೇನು ಹೋಗುತ್ತೆ? ಆದ್ರೆ ಹೆಸರು ಹಿಡಿದು ಕರಿ. 'ಯಾರಾದ್ರೂ ಬನ್ನಿ' ಅಂತ ಮಾತ್ರ ಇಲ್ಲಿ ಅನ್ಬೇಡ."

ಇಂದು ಒಬ್ಬಳೇ ಒದ್ದಾಡಿ, ರೇಗಿಹೋಗಿ ಕೂಗಿದೆ: "ಯಾರಾದ್ರೂ ಬಂದು ಹಿಡ್ಕೊಳ್ರೇ!"

ಶೀಟಿನ ಆಚೆ ತುದಿ ಮೇಲೆದ್ದು ಬಿಗಿಯಾಯಿತು. ಎತ್ತಿ ಹಿಡಿದ ಬಟ್ಟೆಯ ಹಿಂದೆ ಮುಖ ಕಾಣಲಿಲ್ಲ. ಒಮ್ಮೆ ಮಡಚಿದೆವು, ಅಂಚಿಗೆ ಅಂಚು ಸರಿಯಾಗಿ ಕೂತಿತು.

"ಅಬ್ಬಾ, ಬದುಕಿಸಿದ್ರಿ!" ಎಂದೆ.

ಅಷ್ಟರಲ್ಲಿ ಊಟ ಮುಗಿಸಿದ ಎಲ್ಲರೂ ಬಾಗಿಲಿಗೆ ಬಂದು ಗಕ್ಕನೆ ನಿಂತರು.

"ಯಾರ ಜೊತೆ ಮಡಚ್ತಿದೀಯೇ?" ದೊಡ್ಡಕ್ಕ ಹೊಸ್ತಿಲು ದಾಟದೆ ಕೇಳಿದಳು.

ಕೊನೆಯ ಮಡಿಕೆಗೆ ಇಬ್ಬರೂ ಹತ್ತಿರ ಬರಬೇಕು. ನಾನು ನಿಂತಲ್ಲೇ ನಿಂತೆ. ಆಚೆ ತುದಿ ನನ್ನತ್ತ ನಡೆದು ಬರತೊಡಗಿತು.