ನಾಲ್ಕು ತುಂಡಿನ ಗಾಳದ ಕೋಲು

ನನ್ನ ಗಂಡ ನಲ್ಲಿ, ಪೈಪು ರಿಪೇರಿ ಮಾಡುವವರು. ಜನ್ಮದಲ್ಲಿ ಒಂದು ಮೀನೂ ಹಿಡಿದವರಲ್ಲ. ಆದರೂ ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಗಾಳದ ಕೋಲಿನದೇ ಮಾತು. ಕೇಳಿ ಕೇಳಿ ನನಗೆ ತಲೆಚಿಟ್ಟು ಹಿಡಿದಿತ್ತು.

ಕಾರಣ ನನ್ನ ತಮ್ಮ. ಐದು ವರ್ಷದ ಹಿಂದೆ ಅವನು ಇವರ ಕೈಕೆಳಗೇ ಕೆಲಸ ಕಲಿಯುತ್ತಿದ್ದ. ಯಾರದೋ ಮನೆಯಲ್ಲಿ ಪೈಪಿನ ಜಾಯಿಂಟ್ ಬಿಟ್ಟುಕೊಂಡು ನೀರು ಹರಿದಾಗ, ಇವರು ಆ ಮನೆಯವರೆದುರೇ ಅವನ ಮಾನ ಹರಾಜು ಹಾಕಿದರು. ಅವನು ಅಂದೇ ಚೀಲ ಎತ್ತಿಕೊಂಡು ಸಮುದ್ರದ ಊರಿಗೆ ಹೋಗಿ, ದೋಣಿ ಎಂಜಿನ್ ರಿಪೇರಿಗೆ ಸೇರಿಕೊಂಡ. ಆ ಜಾಯಿಂಟ್ ಕೂಡಿಸಿದ್ದು ತಮ್ಮನಲ್ಲ, ಇವರೇ ಎಂದು ಅವತ್ತು ಮನೆಗೆ ಬಂದ ಇವರ ಮುಖ ನೋಡಿಯೇ ನನಗೆ ತಿಳಿಯಿತು. ಬಾಯಿಬಿಟ್ಟು ಮಾತ್ರ ಒಪ್ಪಿಕೊಳ್ಳಲಿಲ್ಲ. ಅಂದಿನಿಂದ ಯಾವ ಜಾಯಿಂಟಿಗೂ ಎರಡೆರಡು ಸಲ ಗಮ್ ಬಳಿಯದೆ ಬಿಡುವುದಿಲ್ಲ. ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಇರುವ ಒಬ್ಬ ತಮ್ಮನ ಮುಖ ನೋಡಲು ನಾನು ಕಳ್ಳಿಯ ಹಾಗೆ ಒಬ್ಬಳೇ ಹೋಗಿಬರಬೇಕು.

ಈ ಸಲ ತಮ್ಮನೇ ಫೋನಿನಲ್ಲಿ ಅಂದ: "ಭಾವನ್ನೂ ಕರ್ಕೊಂಡು ಬಾ ಅಕ್ಕ. ಗಾಳ ಹಾಕೋಕೆ ಹೋಗೋಣ." ಇವರು "ಹೂಂ" ಅಂದರು. ನನಗೆ ಸ್ವರ್ಗ ಮೂರೇ ಗೇಣು.

ಆಮೇಲೆ ಶುರುವಾಯಿತು ಕೋಲಿನ ಪುರಾಣ. ಅದು ಅಗ್ಗವಾಗಿರಬೇಕು, ಚೀಲದಲ್ಲಿ ಹಿಡಿಸಬೇಕು, ಕಟ್ಟೆಯ ಮೇಲಿಂದಲೂ ಆಗಬೇಕು, ಬಂಡೆಯ ಮೇಲಿಂದಲೂ ಆಗಬೇಕು, ದೋಣಿಯಲ್ಲೂ ನಡೆಯಬೇಕು. ಎರಡು ತುಂಡಿನದು ಉದ್ದವಾಯಿತು. ಒಂದರೊಳಗೊಂದು ಸರಿಯುವ ಕೋಲಿಗೆ ಮರಳು ಸಿಕ್ಕಿಕೊಳ್ಳುತ್ತದಂತೆ. ದಾರ ಸುತ್ತುವ ರೀಲು ದೊಡ್ಡದಾದರೆ ಭಾರ, ಚಿಕ್ಕದಾದರೆ ದಾರ ಸಾಲದು. ಹೊರಡುವ ದಿನ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಹೊಲಿಗೆ ಕಾರ್ಖಾನೆಯಲ್ಲಿ ನಾನು ಹಲ್ಲುಗಿಂಜಿ ಪಡೆದ ರಜೆಯೆಲ್ಲ ದಂಡವಾಯಿತು.

ಗಾಳದ ಅಂಗಡಿಯವನೂ ರೋಸಿಹೋಗಿದ್ದ. ಇವರು ಬಾಗಿಲಲ್ಲಿ ಕಂಡರೆ ಸಾಕು, ಒಳಕೋಣೆಗೆ ಸರಿದುಬಿಡುತ್ತಿದ್ದ. ಕೊನೆಗೆ ನಾನೇ ಜೊತೆಗೆ ಹೋಗಿ ಅವನಿಗೆ ಅಡ್ಡ ನಿಂತೆ.

"ಅಣ್ಣಾ, ನಿಮ್ಮ ಸ್ವಂತ ತಮ್ಮ ಕೇಳಿದ್ರೆ ಯಾವ್ದು ಕೊಡ್ತಿದ್ರಿ? ಅದನ್ನೇ ಕೊಟ್ಬಿಡಿ."

ಅವನು ನಾಲ್ಕು ತುಂಡಿನ ಕೋಲು ತೆಗೆದ. "ಒಂದಕ್ಕೊಂದು ಒತ್ತಿ ಸ್ವಲ್ಪ ತಿರುಗಿಸಿದ್ರೆ ಕೂರತ್ತೆ. ತುದಿ ಸಣ್ಣ ಮೀನಿಗೂ ಆಡತ್ತೆ, ಬುಡ ದೊಡ್ಡದನ್ನೂ ತಡೆಯತ್ತೆ. ರೀಲನ್ನ ಮಾತ್ರ ದಿನಾ ಸಿಹಿನೀರಲ್ಲಿ ತೊಳೀರಿ, ಇಲ್ಲಾಂದ್ರೆ ಉಪ್ಪು ತಿಂದುಬಿಡತ್ತೆ." ಜೊತೆಗೆ ಮಧ್ಯಮ ಗಾತ್ರದ ರೀಲು, ದಾರ, ಒಂದಿಷ್ಟು ಗಾಳ, ಸೀಸದ ಗುಂಡು. ಎರಡು ತಿಂಗಳ ಕೆಲಸ ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು.

ಹೊರಡುವ ಬೆಳಿಗ್ಗೆ ಚೀಲ ತುಂಬುತ್ತಾ ಕೂಗಿದೆ. "ರೀ, ಕೋಲು ಕೊಡಿ, ಬಟ್ಟೆ ಕೆಳಗೆ ಇಡ್ತೀನಿ."

ಇವರು ಓರೆಯಾಗಿ ಬಾಗಿಲು ದಾಟಿ ಬಂದರು. ಕೈಯಲ್ಲಿ ಸೂರಿಗೆ ತಾಗುವಂಥ ಇಡೀ ಕೋಲು.

"ಬಿಚ್ಚಿ ಕೊಡಿ."

"ಬರಲ್ಲ ಕಣೇ. ಜಾಯಿಂಟ್ ಅಲ್ಲಾಡ್ತಿದೆ ಅನ್ನಿಸ್ತು. ನಿನ್ನೆ ಗಮ್ ಹಾಕ್ಬಿಟ್ಟೆ."

ಪೈಪಿಗೆ ಹಾಕುವ ಗಮ್! ಬಿಚ್ಚಲು ಬರುತ್ತದೆಂದೇ ಊರೆಲ್ಲ ಅಲೆದು ತಂದ ಕೋಲನ್ನು ಬಿಚ್ಚಲಾಗದಂತೆ ಅಂಟಿಸಿದ ಮಹಾನುಭಾವರು! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಬೇರೆ ತಗೊಂಡು ಮುಂದಿನ ತಿಂಗಳು ಹೋಗೋಣ" ಅಂದರು. ದನಿಯಲ್ಲಿ ಬೇಸರವಿರಲಿಲ್ಲ, ನಿರಾಳವಿತ್ತು. ಅದಕ್ಕೇ ನನ್ನ ಮೈ ಉರಿದುಹೋಯಿತು.

"ಕೋಲು ಗೀಲು ಎಲ್ಲ ನೆಪ. ನಿಮಗೆ ಅವನ ಮುಖ ನೋಡೋಕೆ ಭಯ. ಹೌದೋ ಅಲ್ವೋ?"

ಇವರು ಕೋಲಿನ ತುದಿಯನ್ನೇ ನೋಡುತ್ತಾ ನಿಂತರು. "ಕೋಲಿದ್ರೆ ಇಬ್ರೂ ನೀರು ನೋಡ್ಕೊಂಡು ಕೂತಿರಬಹುದು. ಇಲ್ದಿದ್ರೆ ಏನಂತ ಮಾತಾಡ್ಲಿ? ತಪ್ಪು ನಂದೇ ಅಲ್ವಾ?"

ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ. "ಇದನ್ನ ನನ್ನ ಹತ್ರ ಹೇಳಿ ಏನು ಪ್ರಯೋಜನ? ಆ ಕೋಲನ್ನೂ ಎತ್ಕೊಳ್ಳಿ, ನಡೀರಿ."

ಬಸ್ಸಿನಲ್ಲಿ ಕೋಲು ಸೀಟುಗಳ ನಡುವಿನ ದಾರಿಯಲ್ಲಿ ಮಲಗಿತು. ಹೋಗುವವರು ಬರುವವರೆಲ್ಲ ಎಡವಿದರು, ಕಂಡಕ್ಟರ್ ಬೈದ. ಬೈಸಿಕೊಂಡವಳು ನಾನು, ಇವರು ಕಿಟಕಿಯಾಚೆ ನೋಡುತ್ತಿದ್ದರು.

ತಮ್ಮ ನಿಲ್ದಾಣಕ್ಕೆ ಬಂದಿದ್ದ. ಕೋಲನ್ನು ನೋಡಿದ, ಭಾವನನ್ನು ನೋಡಿದ, ಮುಂದೆ ನಡೆದ. ಅವನ ಕೋಣೆ ಇರುವುದು ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮೊದಲ ತಿರುವಿನಲ್ಲೇ ಕೋಲು ಸಿಕ್ಕಿಕೊಂಡಿತು. ಇವರು ಒಬ್ಬರೇ ತಿಣುಕಾಡುವುದನ್ನು ನೋಡಿ, ಮುಂದೆ ಹೋಗಿದ್ದ ತಮ್ಮ ಇಳಿದು ಬಂದು ತುದಿ ಹಿಡಿದ.

"ಭಾವ, ಸ್ವಲ್ಪ ಎಡಕ್ಕೆ."

"ಹೂಂ."

"ನಿಧಾನ, ತುದಿ ಮುರಿಯತ್ತೆ. ಬಿಚ್ಚೋಕೆ ಬರಲ್ವಾ ಇದು?"

"ಬರ್ತಿತ್ತು. ನಾನೇ ಗಮ್ ಹಾಕ್ಬಿಟ್ಟೆ."

ತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಇವರು ನಗಲಿಲ್ಲ. ಕೋಲಿನ ಬುಡ ಹಿಡಿದೇ ಅಂದರು: "ಅವತ್ತಿನ ಜಾಯಿಂಟೂ ನಾನೇ ಹಾಕಿದ್ದು ಕಣಪ್ಪಾ. ನೀನಲ್ಲ."

ತಮ್ಮನ ನಗು ನಿಂತಿತು. "ಅವತ್ತೇ ಗೊತ್ತಿತ್ತು ಭಾವ. ನೀವು ಹೇಳ್ಲಿ ಅಂತ ಕಾಯ್ತಿದ್ದೆ." ಎದ್ದು ಮತ್ತೆ ತುದಿ ಹಿಡಿದ. "ಈಗ ಬಲಕ್ಕೆ ತಿರುಗಿಸಿ."

ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದೆ. ಎರಡೂ ಕೈಯಲ್ಲಿ ಚೀಲ, ಕಣ್ಣೊರೆಸಿಕೊಳ್ಳಲೂ ಆಗುತ್ತಿರಲಿಲ್ಲ. ಒಂದು ಚೀಲ ಹಿಡಿಯೋಣವೆಂದು ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಲ್ಲ!