ಓಬಣ್ಣ ನೀರೊಳಗಿನ ಬೊಡ್ಡೆಗಳನ್ನು ಕಂಡದ್ದು

ಎಪ್ಪತ್ತಾರನೇ ಇಸವಿಯ ಮಾತು. ಮಾರಿಕಣಿವೆ ಹಿನ್ನೀರಿನಲ್ಲಿ ಮೀನು ಹಿಡಿಯುವ ಓಬಣ್ಣ ಒಂದು ಬೆಳಿಗ್ಗೆ ಸಾವಿನಿಂದ ಸ್ವಲ್ಪದರಲ್ಲಿ ಪಾರಾದ. ಎಂದೋ ಮುಳುಗಿದ ಮರಗಳ ಬೊಡ್ಡೆಗೆ ಅವನ ಬಲೆ ಸಿಕ್ಕಿಕೊಂಡಿತ್ತು. ಬಿಡಿಸಲು ಧುಮುಕಿದರೆ ಅದೇ ಬಲೆ ಕಾಲಿಗೆ ಸುತ್ತಿಕೊಂಡಿತು. ಸೊಂಟದ ಚೂರಿಯಿಂದ ಬಲೆ ಕುಯ್ದುಕೊಂಡು ಮೇಲೆ ಬಂದಾಗ ಮೂಗಿನಿಂದ ರಕ್ತ ಸುರಿಯುತ್ತಿತ್ತು.

"ಬಲೆ ಹೋದ್ರೆ ಇನ್ನೊಂದು ಹೆಣೀತೀನಿ. ನೀನು ಹೋದ್ರೆ ಏನು ಮಾಡ್ಲಿ?" ಎಂದು ಹೆಂಡತಿ ನಿಂಗಕ್ಕ ದಡದಲ್ಲೇ ಕುಸಿದು ಕೂತಳು.

ಅದೇ ವಾರ ಮೀನುಗಾರಿಕೆ ಇಲಾಖೆಯ ನಾಗರಾಜಪ್ಪ ಮೋಟಾರು ದೋಣಿಯಲ್ಲಿ ಒಂದು ಪೆಟ್ಟಿಗೆ ತಂದರು.

"ಇದ್ನ ಸೋನಾರ್ ಅಂತಾರೆ ಓಬಣ್ಣ. ಬರ್ರಿ, ಕುಂತ್ಕಳ್ರಿ. ಒಂದು ಸುತ್ತು ಹೋಗಾಣ."

"ಬ್ಯಾಡ ಸ್ವಾಮಿ. ಮೀನು ಎಲ್ಲೈತೆ ಅಂತ ನಮಗೆ ಹಕ್ಕಿ ಹೇಳ್ತದೆ, ನೀರಿನ ಗುಳ್ಳೆ ಹೇಳ್ತದೆ. ಪೆಟ್ಟಿಗೆ ಏನು ಹೇಳೀತು?"

"ಬೊಡ್ಡೆ ಎಲ್ಲೈತೆ ಅಂತ ಹಕ್ಕಿ ಹೇಳ್ತದಾ?" ಎಂದು ನಿಂಗಕ್ಕ ಸೆರಗು ಬಿಗಿದು ತಾನೇ ಮೊದಲು ದೋಣಿ ಹತ್ತಿದಳು. ಓಬಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ.

ನಾಗರಾಜಪ್ಪ ಪೆಟ್ಟಿಗೆ ಚಾಲೂ ಮಾಡಿದರು. "ಬೆಟ್ಟದ ಎದುರು ಕೂಗಿದ್ರೆ ದನಿ ತಿರುಗಿ ಬರಲ್ವಾ? ಇದೂ ಹಂಗೇ. ನೀರೊಳಕ್ಕೆ ದನಿ ಬಿಡ್ತದೆ. ತಳಕ್ಕೋ ಬೊಡ್ಡೆಗೋ ಮೀನಿಗೋ ತಾಕಿ ವಾಪಸ್ ಬಂದಿದ್ದನ್ನ ಕಾಗದದ ಮೇಲೆ ಗೀಚ್ತದೆ."

ಪೆಟ್ಟಿಗೆಯನ್ನು ಪರೀಕ್ಷಿಸಬೇಕೆಂದು ಓಬಣ್ಣ, ಅಲ್ಲೇನಿದೆ ಎಂದು ತಿಳಿಸದೆ, ತಾನು ಸಿಕ್ಕಿಹಾಕಿಕೊಂಡಿದ್ದ ಜಾಗಕ್ಕೇ ದೋಣಿ ಬಿಡಿಸಿದ. ಕಾಗದದಲ್ಲಿ ತಳದ ಕಪ್ಪು ಗೆರೆ ಸಾಗುತ್ತಿತ್ತು. ಒಮ್ಮೆಲೇ ಅದರ ಮೇಲೆ ಮೂರು ಮೊನೆಗಳು ಎದ್ದು ನಿಂತವು. ಓಬಣ್ಣನ ಕೈ ತಾನಾಗಿ, ಅಂದು ಬಲೆ ಬಿಗಿದು ಕಾಲಿಗೆ ಆಗಿದ್ದ ಗಾಯದ ಮೇಲೆ ಹೋಯಿತು.

"ಇದೇ... ಇದೇ ನನ್ನ ಹಿಡ್ಕಂಡಿದ್ದು," ಎಂದ ಮೆಲ್ಲಗೆ.

ಇನ್ನಷ್ಟು ದೂರ ಹೋದಾಗ ತಳದಲ್ಲಿ ಅಡ್ಡಿಯೇನೂ ಕಾಣಲಿಲ್ಲ. ಆದರೆ ಗೆರೆಗಿಂತ ಬಹಳ ಮೇಲೆ ಮಸಿ ಚೆಲ್ಲಿದಂತೆ ಗುರುತು ಮೂಡಿತು.

"ಮೀನಿನ ಗುಂಪು," ಎಂದರು ನಾಗರಾಜಪ್ಪ. "ಯಾವ ಮೀನು ಅಂತ ಇದು ಹೇಳಲ್ಲ. ಅದನ್ನ ನೀವೇ ಹೇಳ್ಬೇಕು."

ಓಬಣ್ಣ ಗಾಳಿ ನೋಡಿದ, ನೀರು ನೋಡಿದ. "ಇಷ್ಟು ಮೇಲೆ ಅವೆ ಅಂದ್ರೆ ಕಾಟ್ಲಾ ಇರ್ಬೇಕು. ನಾನು ಇಷ್ಟು ದಿನ ಬಲೆನ ತಳಕ್ಕೆ ಬಿಡ್ತಿದ್ದೆನಲ್ಲ!"

ಅಂದು ಸಂಜೆ ಬಲೆಗೆ ತೇಲಿಸುವ ಬೆಂಡು ಹೆಚ್ಚು ಕಟ್ಟಿ ಮೇಲ್ಮಟ್ಟದಲ್ಲೇ ಇಳಿಸಿದ. ಬೆಳಿಗ್ಗೆ ಎಳೆದರೆ ತೋಳುದ್ದದ ಕಾಟ್ಲಾ ಮೀನುಗಳು ಬಾಲ ಬಡಿಯುತ್ತಿದ್ದವು. ನಿಂಗಕ್ಕ ಮೀನು ನೋಡುವ ಮೊದಲು ಬಲೆಯ ಉದ್ದಕ್ಕೂ ಬೆರಳಾಡಿಸಿದಳು. ಎಲ್ಲೂ ಹರಿದಿರಲಿಲ್ಲ. ಗಂಡನ ಮುಖ ನೋಡಿ ನಕ್ಕಳು.

ಮರುದಿನ ಓಬಣ್ಣನೇ ಉಳಿದ ಮೀನುಗಾರರನ್ನು ಕರೆತಂದ. ಪೆಟ್ಟಿಗೆ ತೋರಿಸಿದ ಒಂದೊಂದು ಬೊಡ್ಡೆಯ ಮೇಲೂ ಎಲ್ಲರಿಗೂ ಕಾಣುವಂತೆ ಒಣಗಿದ ಸೋರೆಬುರುಡೆಯನ್ನು ಹಗ್ಗಕ್ಕೆ ಕಲ್ಲು ಕಟ್ಟಿ ತೇಲಿಬಿಟ್ಟರು. ಆ ವರ್ಷ ಬಲೆ ಬಿಡಿಸಲು ಅಲ್ಲಿ ಯಾರೂ ನೀರಿಗೆ ಧುಮುಕಲಿಲ್ಲ.

ಮೀನು ಹಿಡಿಯುವ ಅಣ್ಣಂದಿರೇ, ಬಲೆ ಹೆಣೆಯುವ ಅಕ್ಕಂದಿರೇ, ಸಂಘದವರೆಲ್ಲ ಸೇರಿ ಮೀನುಗಾರಿಕೆ ಕಚೇರಿಗೆ ಹೋಗಿ. ನಮ್ಮ ನೀರನ್ನೂ ಒಮ್ಮೆ ಸೋನಾರ್ ಪೆಟ್ಟಿಗೆಯಿಂದ ನೋಡಿಕೊಡಿ ಎಂದು ಕೇಳಿ. ಸಿಕ್ಕಿಕೊಂಡ ಬಲೆಗಾಗಿ ಒಬ್ಬರೇ ಧುಮುಕಬೇಡಿ. ನೀರಿನ ಮೇಲ್ಮೈ ನಿಮಗೆ ಗೊತ್ತು, ನಿಜ. ತಳವನ್ನೂ ತಿಳಿದು ಬಲೆ ಇಳಿಸಿ. ದಡದಲ್ಲಿ ಮನೆಯವರು ನಿಮ್ಮ ದಾರಿ ಕಾಯುತ್ತಿರುತ್ತಾರೆ.