ಗೋಡೆಯ ಮುಂದೆ ನಿಂತವಳು

ತಂಗಿ ಹೊಸ್ತಿಲ ಮೇಲೆ ಕುಳಿತು ಅಕ್ಕನ ಕೋಲಿನ ಬಲೆ ಬಿಚ್ಚುತ್ತಿದ್ದಳು. ದಾರದ ಗಂಟು ಒದ್ದೆಯಾಗಿ ಒಣಗಿ ಕಲ್ಲಾಗಿತ್ತು. ಉಗುರಿಗೆ ಬಗ್ಗದಿದ್ದಾಗ ಹಲ್ಲಿನಿಂದ ಕಚ್ಚಿ ಎಳೆದಳು. ಬಾಯಿಗೆ ಮಣ್ಣಿನ, ಹುಲ್ಲಿನ, ಅಕ್ಕನ ಕೈಬೆವರಿನ ರುಚಿ ಬಂತು. ಎದುರಿಗೆ ಅಕ್ಕ ಬಕೆಟ್ ಬೋರಲು ಹಾಕಿ ಕೂತು ನೋಡುತ್ತಿದ್ದಳು. ಒಳಗೆ ಅಮ್ಮ ಲಾಂಡ್ರಿಯಿಂದ ತಂದ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಸೂಜಿ ಬಟ್ಟೆ ದಾಟುವ ಸದ್ದು ಹೊಸ್ತಿಲವರೆಗೂ ಕೇಳುತ್ತಿತ್ತು.

"ಇನ್ನೂ ಸಡಿಲ ಬಿಡು," ಎಂದಳು ಅಕ್ಕ ಕೊನೆಗೆ.

"ಚೆಂಡು ಮುಳುಗತ್ತೆ ಕಣೇ."

"ಮುಳುಗ್ಲಿ. ಅದಕ್ಕೇ ಹೇಳ್ತಿರೋದು."

ಲ್ಯಾಕ್ರೋಸ್ ಕೋಲಿನ ತುದಿಗೆ ಒಂದು ಚೌಕಟ್ಟು, ಅದರೊಳಗೆ ದಾರದ ಬಲೆ. ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ. ಬಲೆಯಲ್ಲಿ ಹಿಡಿಯಬೇಕು, ಬಲೆಯಲ್ಲೇ ಹೊತ್ತು ಓಡಬೇಕು, ಬಲೆಯಿಂದಲೇ ಗೋಲಿಗೆ ಬೀಸಬೇಕು. ಬಲೆ ಆಳವಾದಷ್ಟೂ ಚೆಂಡು ಭದ್ರ. ಎದುರಿನವರು ಕೋಲಿಗೆ ಎಷ್ಟು ಬಡಿದರೂ ಉದುರುವುದಿಲ್ಲ. ಅದಕ್ಕೇ ಒಂದು ನಿಯಮವಿತ್ತು. ಕೋಲನ್ನು ಅಡ್ಡ ಮಲಗಿಸಿ ಚೆಂಡಿಟ್ಟರೆ ಅದರ ನೆತ್ತಿ ಚೌಕಟ್ಟಿನ ಅಂಚಿಗಿಂತ ಮೇಲೆ ಕಾಣಬೇಕು. ಮುಳುಗಿದರೆ ಅದು ಕಳ್ಳ ಕೋಲು.

"ನಾಳೆ ಕೋಲು ನೋಡ್ತಾರಂತಲ್ಲ," ಎಂದಳು ತಂಗಿ.

"ಆಟಕ್ಕೆ ಮುಂಚೆ ನೋಡ್ತಾರೆ. ಅದಕ್ಕೆ ಕೆಳಗಡೆ ಒಂದು ದಾರ ಉದ್ದ ಬಿಡು. ಎಳೆದ್ರೆ ಬಿಗಿ ಆಗ್ಬೇಕು, ಬಿಟ್ರೆ ಜೋತು ಬೀಳ್ಬೇಕು. ಆಟ ಶುರು ಆದ್ಮೇಲೆ ಯಾರಾದ್ರೂ ಕೇಳಿದ್ರೆ ಮಾತ್ರ ಮತ್ತೆ ನೋಡೋದು. ಯಾರು ಕೇಳ್ತಾರೆ? ಗೊತ್ತಿರೋದು ಇಬ್ಬರಿಗೆ. ಒಬ್ಬಳು ನಾನು. ಇನ್ನೊಬ್ಬಳು ಗೋಡೆ."

ಗೋಡೆ ಎಂದರೆ ತಂಗಿ. ಆ ಹೆಸರಿಟ್ಟವಳು ಅಕ್ಕನೇ. ಈಗ ಲಾಂಡ್ರಿಯಲ್ಲೂ ಮೈದಾನದಲ್ಲೂ ಅದೇ ಹೆಸರು ಓಡುತ್ತಿತ್ತು.

ತಂಗಿ ಹೇಳಿದಂತೆ ಕಟ್ಟಿದಳು. ಕಟ್ಟುತ್ತಾ, ತಲೆಯೆತ್ತದೆ, "ನೀನು ಹೋದ್ರೆ..." ಎಂದು ಶುರು ಮಾಡಿದಳು.

"ಹೋದ್ರೆ ಏನೇ, ಹೋದ್ರೆ? ಹೋಗ್ತೀನಿ," ಎಂದು ಅಕ್ಕ ಕೋಲು ಕಿತ್ತುಕೊಂಡಳು.

ನಾಳೆ ದೊಡ್ಡ ತಂಡದವರು ಆಯ್ಕೆಗೆ ಬರುವವರಿದ್ದರು. ಈ ಮೈದಾನದಿಂದ ಒಬ್ಬಳನ್ನು ಮಾತ್ರ ಕರೆದೊಯ್ಯುತ್ತಾರಂತೆ. ಅಲ್ಲಿ ಹಾಸ್ಟೆಲಿನಲ್ಲಿ ಅವಳಿಗೇ ಅಂತ ಒಂದು ಮಂಚ, ಊಟ, ಬೆಳಗ್ಗೆ ಸಂಜೆ ಆಟ, ನಡುವೆ ಕೂತು ಮಾಡುವ ಕೆಲಸ. ಹಬೆಕೋಣೆಯಲ್ಲಿ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕಿ ಮೊಣಕೈವರೆಗೆ ಬೊಬ್ಬೆಯೆದ್ದ ಅಕ್ಕ ಆ ಮಂಚದ ಮಾತನ್ನೇ ಹೆಚ್ಚಾಗಿ ಆಡುತ್ತಿದ್ದಳು. ಮನೆಯಲ್ಲಿದ್ದದ್ದು ಒಂದೇ ಮಂಚ. ಅದರಲ್ಲಿ ಗೋಡೆಯ ಕಡೆ ತಂಗಿ, ಈಚೆಗೆ ಅಕ್ಕ.

ಈ ಆಟ ಇವರ ಬೀದಿಗೆ ಬಂದದ್ದು ಪೀಪಿ ಮೇಡಂ ಜೊತೆಗೆ. ಕೊರಳಲ್ಲಿ ಸದಾ ಪೀಪಿ ನೇತುಹಾಕಿಕೊಂಡು, ಊದದಿದ್ದಾಗಲೂ ತುಟಿಗಿಟ್ಟುಕೊಂಡಿರುತ್ತಿದ್ದ ಆಕೆ ಒಂದು ಗೋಣಿ ತುಂಬ ಕೋಲು ಹೊತ್ತು ಶಾಲೆಯಿಂದ ಶಾಲೆಗೆ ಅಲೆದಿದ್ದರು. ಯಾರೂ ಹುಡುಗಿಯರನ್ನು ಕೊಡಲಿಲ್ಲ. ಕೊನೆಗೆ ಲಾಂಡ್ರಿಯ ಯಜಮಾನ, ಆಟದ ಅಂಗಿಯ ಬೆನ್ನ ಮೇಲೆ ಲಾಂಡ್ರಿಯ ಹೆಸರು ಬರೆಸಿದರೆ ನಮ್ಮ ಹುಡುಗಿಯರನ್ನೇ ಕಳಿಸುತ್ತೇನೆ ಎಂದ. ಹೀಗೆ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಹೋದರು. ಮಡಚುವ ವಿಭಾಗದವಳು ಬಿಟ್ಟಿ ಬೂಟಿಗೆ. ಬಟ್ಟೆಗಂಟು ಬಿಚ್ಚುವವಳು ಮನೆಗೆ ಎಷ್ಟು ತಡವಾಗಿ ಹೋದರೆ ಅಷ್ಟು ಒಳ್ಳೆಯದು ಎಂದು. ಮದುವೆಯಾಗಿ ತವರಿಗೆ ವಾಪಸು ಬಂದಿದ್ದ ಒಬ್ಬಳು, "ಕೈಯಲ್ಲಿ ಕೋಲು ಕೊಟ್ಟು ಬೀಸು ಅಂತಾರಲ್ಲಮ್ಮ, ಇದಕ್ಕಿಂತ ಏನು ಬೇಕು," ಎಂದಳು. ಅಕ್ಕ ಹೋದದ್ದು ಹಬೆಯಿಂದ ತಪ್ಪಿಸಿಕೊಳ್ಳಲು. ಹೋದ ಕಾರಣ ಏನೇ ಇರಲಿ, ಚೆಂಡು ಬಲೆಗೆ ಬಿದ್ದು ಕೋಲು ಕೈಯಲ್ಲಿ ತೂಗಿದ ದಿನದಿಂದ ಎಲ್ಲರೂ ಆ ಕಾರಣವನ್ನು ಮರೆತರು. ಮಡಚುವವಳ ಬೂಟು ಹರಿದು ಹೆಬ್ಬೆರಳು ಹೊರಬಂದಿತ್ತು. ಅವಳು ಬರುವುದು ಬಿಡಲಿಲ್ಲ.

ತಂಗಿಯನ್ನು ಮಾತ್ರ ಯಾರೂ ಕರೆದಿರಲಿಲ್ಲ.

ಶುರುವಿನಲ್ಲಿ ಮನೆಯ ಹಿಂದಿನ ಅಂಗಳದಲ್ಲಿ ಅಕ್ಕ ಗೋಡೆಗೆ ಚೆಂಡು ಹೊಡೆದು ಅಭ್ಯಾಸ ಮಾಡುತ್ತಿದ್ದಳು. ಗಟ್ಟಿ ರಬ್ಬರಿನ ಚೆಂಡು. ಬಡಿದರೆ ಆಚೆಮನೆಯ ಪಾತ್ರೆಗಳು ಅದುರುತ್ತಿದ್ದವು. ಆಚೆಮನೆಯ ಮುದುಕ ಬಂದು ಅಮ್ಮನ ಮೇಲೆ ಕೂಗಾಡಿದ. ಅಮ್ಮ ಅಕ್ಕನ ಮೇಲೆ ಕೂಗಾಡಿದಳು. ಅಕ್ಕ ಒಂದು ಗಳಿಗೆ ಯೋಚಿಸಿ, ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದ ತಂಗಿಯ ರಟ್ಟೆ ಹಿಡಿದು ಎಬ್ಬಿಸಿ ಗೋಡೆಯ ಮುಂದೆ ನಿಲ್ಲಿಸಿದಳು.

"ಗೋಡೆಗೆ ಹೊಡೆದ್ರೆ ಸದ್ದಾಗತ್ತೆ. ನಿನಗೆ ಹೊಡೆದ್ರೆ ಸದ್ದಾಗಲ್ಲ," ಎಂದಳು.

ಅಮ್ಮ ಬಾಗಿಲಿನಿಂದ ನೋಡಿದಳು. "ಮುಖಕ್ಕೆ ಬೇಡ. ಮುಂದೆ ಹೆಣ್ಣು ನೋಡೋಕೆ ಬರೋರು ಮುಖ ನೋಡ್ತಾರೆ," ಎಂದು ಒಳಗೆ ಹೋದಳು.

ಹರಿದ ಚಾದರವೊಂದನ್ನು ಮಡಚಿ ಎದೆಗೆ ಕಟ್ಟಿಕೊಳ್ಳಲು ಅಕ್ಕನೇ ಕೊಟ್ಟಳು, ಅಷ್ಟು ಕನಿಕರವಿತ್ತು. ಮೊದಮೊದಲು ತಂಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಚೆಂಡು ತೊಡೆಗೆ, ಪಕ್ಕೆಗೆ, ಮೊಣಕೈಗೆ ಬೀಳುತ್ತಿತ್ತು. ಮೈಮೇಲೆ ನೀಲಿ ಏಳುತ್ತಿತ್ತು, ಹಸಿರಾಗುತ್ತಿತ್ತು, ಹಳದಿಯಾಗಿ ಹೋಗುವಷ್ಟರಲ್ಲಿ ಪಕ್ಕದಲ್ಲೇ ಮತ್ತೊಂದು ಏಳುತ್ತಿತ್ತು. ಲಾಂಡ್ರಿಯಲ್ಲಿ ತೋಳು ಮಡಚಿದಾಗ ಯಾರಾದರೂ, "ಏನೇ, ಬಣ್ಣ ಹಾಕಿಸ್ಕೊಂಡು ಬಂದಿದೀಯಾ?" ಎಂದರೆ ನಕ್ಕು ತೋಳು ಇಳಿಸುತ್ತಿದ್ದಳು. ಅವಳಿಗೆ ಮಾತು ಕಡಿಮೆ. ಶಾಲೆ ಬಿಟ್ಟ ಮೇಲೆ ಇನ್ನೂ ಕಡಿಮೆಯಾಗಿತ್ತು.

ಒಂದು ಸಂಜೆ, ಯಾಕೋ, ಅವಳು ಕಣ್ಣು ಮುಚ್ಚಲಿಲ್ಲ. ಮೂಲೆಯಲ್ಲಿ ಒರಗಿಸಿದ್ದ ಮುರುಕು ಕೋಲು ಕೈಯಲ್ಲಿತ್ತು. ಚೆಂಡು ಅಕ್ಕನ ಬಲೆ ಬಿಟ್ಟದ್ದು ಕಂಡಿತು, ಬರುತ್ತಿರುವುದು ಕಂಡಿತು. ಕೋಲು ತಾನಾಗಿ ಎದ್ದಿತು. ಪುಸ್ಕೆಂದು ಮೆತ್ತಗೆ ಒಂದು ಸದ್ದು. ನೋವು ಬರಲಿಲ್ಲ. ಬಲೆಯಲ್ಲಿ ಚೆಂಡಿನ ಭಾರವಿತ್ತು, ಮಲಗಿದ ಮಗುವನ್ನು ಯಾರೋ ನಂಬಿ ಕೈಗೆ ಕೊಟ್ಟ ಹಾಗೆ.

"ಕೊಡು," ಎಂದು ಅಕ್ಕ ಕೈ ಚಾಚಿದಳು.

ತಂಗಿ ಹುಟ್ಟಿದಾಗಿನಿಂದ ಅಕ್ಕ ಅವಳಿಂದ ಕಿತ್ತುಕೊಂಡಿದ್ದಳೇ ಹೊರತು ಕೈ ಚಾಚಿ ಕೇಳಿರಲಿಲ್ಲ. ತಂಗಿ ಚೆಂಡನ್ನು ಒಂದು ಉಸಿರು ಹೆಚ್ಚಿಗೆ ಇಟ್ಟುಕೊಂಡಳು. ಆಮೇಲೆ ಕೊಟ್ಟಳು. ಅಂದಿನಿಂದ ಕೆಲಸ ಮುಗಿಸಿ ಅಕ್ಕನಿಗಿಂತ ಮುಂಚೆ ಓಡಿ ಬಂದು ಗೋಡೆಯ ಮುಂದೆ ನಿಂತಿರುತ್ತಿದ್ದಳು. ಅಕ್ಕ ಸುಸ್ತಾಗಿ ಮಲಗಿದ ದಿನ ಚಾದರ ಎದೆಗೆ ಕಟ್ಟಿಕೊಂಡೇ ಕತ್ತಲಾಗುವವರೆಗೆ ಕಾಯುತ್ತಿದ್ದಳು. ಬಲೆ ಕಟ್ಟುವುದನ್ನೂ ಕಲಿತಳು. ಅಕ್ಕನಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಅವಳು ಹಾಕಿದ್ದು ಎರಡು ಓಟಕ್ಕೆ ಬಿಚ್ಚಿಕೊಂಡು ಬಾಲದಂತೆ ನೇತಾಡುತ್ತಿತ್ತು. ಮೈದಾನದಲ್ಲಿ ಅದೊಂದು ತಮಾಷೆಯೇ ಆಗಿತ್ತು.

ಗೋಲು ಕಾಯಲು ಯಾರೂ ಒಪ್ಪದೆ ಪೀಪಿ ಮೇಡಂ ತಲೆ ಕೆಡಿಸಿಕೊಂಡಿದ್ದಾಗ ಅಕ್ಕನೇ, "ನಮ್ಮನೇಲೊಂದು ಗೋಡೆ ಇದೆ, ತರ್ಲಾ?" ಎಂದಿದ್ದಳು.

ಮರುದಿನ ಮೈದಾನದ ಅಂಚಿನಲ್ಲಿ ಮೂರು ಕುರ್ಚಿ ಹಾಕಿದ್ದರು. ನಡುವಿನದರಲ್ಲಿ ಬಿಳಿ ಟೋಪಿಯ ಹೆಂಗಸು ಕೂತಿದ್ದಳು. ಆಯ್ಕೆ ಅವಳ ಕೈಯಲ್ಲಿತ್ತು. ಹುಡುಗಿಯರನ್ನು ಎರಡು ಗುಂಪು ಮಾಡಿದರು. ಅಕ್ಕ ಒಂದು ಕಡೆ, ತಂಗಿ ಇನ್ನೊಂದು ಕಡೆಯ ಗೋಲಿನಲ್ಲಿ. ಆಟಕ್ಕೆ ಮುಂಚೆ ಕೋಲುಗಳ ಪರೀಕ್ಷೆಯಾಯಿತು. ಅಕ್ಕ ಕೆಳಗಿನ ದಾರವನ್ನು ಮುಷ್ಟಿಯಲ್ಲಿ ಎಳೆದು ಹಿಡಿದಿದ್ದಳು. ಚೆಂಡಿನ ನೆತ್ತಿ ಅಂಚಿನ ಮೇಲೆ ಚೆನ್ನಾಗಿ ಕಂಡಿತು.

"ಗೋಲಿನಲ್ಲಿರೋ ಹುಡುಗಿ ಹೇಗೆ?" ಎಂದು ಬಿಳಿ ಟೋಪಿ ಕೇಳಿತು.

ಪೀಪಿ ಮೇಡಂ ಪೀಪಿ ಬಾಯಿಂದ ತೆಗೆಯುವಷ್ಟರಲ್ಲಿ ಅಕ್ಕ ಬಾಯಿ ಹಾಕಿದಳು. "ಅವಳಾ? ನನ್ನ ತಂಗಿ ಮೇಡಂ. ಆಟ ಬರಲ್ಲ, ಏಟು ತಿನ್ನೋಕೆ ಬರತ್ತೆ."

ಎಲ್ಲರೂ ನಕ್ಕರು. ಬಿಳಿ ಟೋಪಿಯೂ ನಕ್ಕಿತು. ತಂಗಿ ಶಿರಸ್ತ್ರಾಣದೊಳಗೆ ತಾನೂ ನಕ್ಕಳು. ಅದು ಯಾರಿಗೂ ಕಾಣುವ ಹಾಗಿರಲಿಲ್ಲ.

ಆಟ ಶುರುವಾಯಿತು. ಬಂದ ಚೆಂಡುಗಳನ್ನೆಲ್ಲ ತಂಗಿ ಹಿಡಿದಳು. ಮಡಚುವವಳದ್ದನ್ನು ಎದೆಯ ಹತ್ತಿರ, ತವರಿಗೆ ಬಂದವಳದ್ದನ್ನು ನೆಲಕ್ಕೆ ಬಿದ್ದು. ಕುರ್ಚಿಯಲ್ಲಿದ್ದ ಬಿಳಿ ಟೋಪಿ ಮುಂದಕ್ಕೆ ಬಾಗಿತು. ಆಗ ಅಕ್ಕ ಬಂದಳು. ಮೂವರು ಒಟ್ಟಿಗೆ ಅವಳ ಕೋಲಿಗೆ ಬಡಿದರು, ಚೆಂಡು ಅಲುಗಲಿಲ್ಲ. ಅದು ಬಲೆಯೊಳಗೆ ಆಳದಲ್ಲಿ ಕೂತಿತ್ತು, ತಂಗಿ ತಾನೇ ಮಾಡಿಕೊಟ್ಟ ಗುಳಿಯಲ್ಲಿ. ಅಕ್ಕ ಬೀಸಿದಳು. ಚೆಂಡು ತಂಗಿಯ ಭುಜದ ಮೇಲಿಂದ ಹಿಂದಿನ ಜಾಲರಿಗೆ ಹೋಗಿ ಬಿತ್ತು.

ಸುತ್ತ ಕೇಕೆ. ಅಕ್ಕ ಗೋಲಿನ ಪಕ್ಕದಿಂದ ಹಾದುಹೋಗುತ್ತಾ, ಅವಳಿಗಷ್ಟೇ ಕೇಳುವಂತೆ, "ಅಳಬೇಡ ಗೋಡೆ. ನಾನು ಹೋದ್ಮೇಲೆ ಇನ್ಯಾರಾದ್ರೂ ಹೊಡೀತಾರೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಖುಷಿಯಾಗಿದ್ದಳು, ಅಷ್ಟೆ.

ತಂಗಿ ಕೋಲು ಮೇಲೆತ್ತಿದಳು.

"ಏನಮ್ಮ?" ಎಂದರು ಪೀಪಿ ಮೇಡಂ.

"ಕೋಲು ನೋಡಿ ಮೇಡಂ."

"ಯಾರದ್ದು?"

ತಂಗಿ ಬೆರಳು ತೋರಿಸಲಿಲ್ಲ. "ಅಕ್ಕಂದು," ಎಂದಳು.

ಮೈದಾನ ನಿಂತಿತು. ಅಕ್ಕ ತಿರುಗಿ ನೋಡಿದಳು. ಮೊದಲು ಅರ್ಥವಾಗದ ಮುಖ, ಆಮೇಲೆ ಅರ್ಥವಾದ ಮುಖ. ದಾರ ಎಳೆಯಲು ಸಮಯವಿರಲಿಲ್ಲ. ಮೇಡಂ ಆಗಲೇ ಕೋಲು ಹಿಡಿದಿದ್ದರು. ಅಡ್ಡ ಮಲಗಿಸಿ ಚೆಂಡಿಟ್ಟರು. ಚೆಂಡು ಅಂಚಿನ ಕೆಳಗೆ ಇಳಿದು ಕಾಣೆಯಾಯಿತು. ಬಿಳಿ ಟೋಪಿಯ ಹೆಂಗಸು ಎದ್ದು ಬಂದು, ಬಲೆಯ ಕೆಳಗಿನ ದಾರವನ್ನು ಎರಡು ಬೆರಳಲ್ಲಿ ಎಳೆದಳು. ಚೆಂಡು ಮೇಲೆ ಬಂತು. ಬಿಟ್ಟಳು. ಮುಳುಗಿತು. ಮಕ್ಕಳ ಆಟಿಕೆಯಂತೆ ಇನ್ನೊಮ್ಮೆ ಎಳೆದು ಬಿಟ್ಟಳು.

"ಒಳ್ಳೆ ಕೈಚಳಕ. ಯಾರು ಕಟ್ಟಿದ್ದು ಇದನ್ನ? ಕಟ್ಟಿದವರೂ ಹೊರಗೆ."

 ಇದು ತಂಗಿಯ ಲೆಕ್ಕದಲ್ಲಿ ಇರಲಿಲ್ಲ. ಗಂಟು ನೋಡಿದರೆ ಸಾಕಿತ್ತು. ಅಷ್ಟು ಸಣ್ಣಗೆ, ಅಷ್ಟು ಅಚ್ಚುಕಟ್ಟಾಗಿ ಆ ಮೈದಾನದಲ್ಲಿ ಒಬ್ಬಳೇ ಕಟ್ಟುತ್ತಿದ್ದಳು.

ಅಕ್ಕ ತಂಗಿಯನ್ನೇ ನೋಡುತ್ತಾ ನಿಂತಿದ್ದಳು. "ನಾನೇ," ಎಂದಳು.

ಅಕ್ಕನಿಗೆ ಗಂಟು ಹಾಕಲು ಬರುವುದಿಲ್ಲವೆಂದು ಮಡಚುವವಳಿಗೆ ಗೊತ್ತಿತ್ತು, ತವರಿಗೆ ಬಂದವಳಿಗೆ ಗೊತ್ತಿತ್ತು, ಪೀಪಿ ಮೇಡಂಗೆ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಮೇಡಂ ಪೀಪಿ ಊದಿದರು. ಅಕ್ಕ ಬೆನ್ನ ಮೇಲೆ ಲಾಂಡ್ರಿಯ ಹೆಸರು ಹೊತ್ತು ಮೈದಾನದಿಂದಾಚೆ ನಡೆದುಹೋದಳು. ಕೋಲು ಅಲ್ಲೇ ಬಿದ್ದಿತ್ತು. ಆಟ ಮುಂದುವರಿಯಿತು. ತಂಗಿ ಆಮೇಲೆ ಬಂದ ಒಂದು ಚೆಂಡನ್ನೂ ಬಿಡಲಿಲ್ಲ.

ಬಿಳಿ ಟೋಪಿಯ ಹೆಂಗಸು ತಂಗಿಯನ್ನೇ ಆರಿಸಿದಳು. ಸೋಮವಾರ ವ್ಯಾನ್ ಬರುತ್ತದೆ ಎಂದಳು.

ಸುದ್ದಿ ಕೇಳಿ ಅಮ್ಮ ದಾರ ಕಡಿದು, "ಯಾರಾದ್ರೇನು, ಒಂದು ತಟ್ಟೆ ಕಮ್ಮಿ ಆಯ್ತಲ್ಲ," ಎಂದಳು. ಲಾಂಡ್ರಿಯಲ್ಲಿ ಎಲ್ಲರೂ ತಂಗಿಯನ್ನು ಗೋಡೆ ಎಂದು ಕರೆಯುವುದು ಬಿಟ್ಟರು. ಬೇರೆ ಏನೆಂದೂ ಕರೆಯಲಿಲ್ಲ. ಅವಳು ಚಾದರದ ಒಂದು ತುದಿ ಹಿಡಿದು ನಿಂತರೆ ಇನ್ನೊಂದು ತುದಿ ಹಿಡಿಯಲು ಯಾರೂ ಬರುತ್ತಿರಲಿಲ್ಲ. ನೆಲಕ್ಕೆ ಹಾಸಿ ಒಬ್ಬಳೇ ಮಡಚಿದಳು. ಅಕ್ಕ ಹಬೆಕೋಣೆಯಲ್ಲಿ ಎರಡು ಪಾಳಿ ಕೇಳಿ ಹಾಕಿಸಿಕೊಂಡಳು. ಮನೆಯಲ್ಲಿ ಬೈಯಲಿಲ್ಲ, ಹೊಡೆಯಲಿಲ್ಲ, ತಂಗಿಯ ತಟ್ಟೆ ಅಡ್ಡವಿದ್ದರೆ ಕಾಲಿಂದ ದೂಡಲಿಲ್ಲ, ಸುತ್ತು ಹಾಕಿ ಹೋದಳು. ಮಂಚ ಬಿಟ್ಟು ಅಮ್ಮನ ಹೊಲಿಗೆ ಗಂಟಿನ ಪಕ್ಕ ನೆಲದ ಮೇಲೆ ಮಲಗತೊಡಗಿದಳು. ಇಡೀ ಮಂಚ ತಂಗಿಗೇ ಸಿಕ್ಕಿತು. ಅವಳು ಗೋಡೆಗೆ ಅಂಟಿಕೊಂಡೇ ಮಲಗಿದಳು.

ಭಾನುವಾರ ಸಂಜೆ ಅಕ್ಕ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಂಗಿ ಬಂದು ಗೋಡೆಯ ಮುಂದೆ ನಿಂತಳು. ಎದೆಗೆ ಚಾದರ ಕಟ್ಟಿಕೊಂಡಿರಲಿಲ್ಲ. ಮೈದಾನದಿಂದ ಎತ್ತಿ ತಂದಿದ್ದ ಅಕ್ಕನ ಕೋಲನ್ನು ಬಕೆಟ್ಟಿಗೆ ಒರಗಿಸಿಟ್ಟಿದ್ದಳು. ಬಲೆಯನ್ನು ಬಿಗಿಯಾಗಿ ಹೊಸದಾಗಿ ಕಟ್ಟಿದ್ದಳು. ಚೆಂಡನ್ನು ಮೆಲ್ಲಗೆ ಉರುಳಿಸಿದಳು. ಅದು ಒದ್ದೆ ನೆಲದ ಮೇಲೆ ಗೆರೆ ಎಳೆಯುತ್ತಾ ಹೋಗಿ ಅಕ್ಕನ ಹಿಮ್ಮಡಿಗೆ ತಾಗಿ ನಿಂತಿತು.

ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು. ಬಗ್ಗಿ ಇನ್ನೊಂದು ಅಂಗಿ ಎತ್ತಿಕೊಂಡು ಕೊಡವಿದಳು.

"ಅಕ್ಕಾ," ಎಂದಳು ತಂಗಿ. "ಒಂದೇ ಒಂದು ಹೊಡಿ."